ಹಸಿರು ಕೀಳಿ, ಕಪ್ಪು ಉಳಿಸಿ

ಶಿಕಾರಿಪುರಕ್ಕೆ ವರ್ಗವಾಗಿ ಬಂದ ಮೊದಲ ವಾರದಲ್ಲಿ, ಶಿರಾಳಕೊಪ್ಪದ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಮಹಿಳೆಯೊಬ್ಬರು ನನ್ನ ಕೆಲಸವೇನೆಂದು ವಿಚಾರಿಸಿದರು. ವಿಶ್ವವಿದ್ಯಾಲಯದಲ್ಲಿ ಕಳೆ ವಿಜ್ಞಾನಿ ಎಂದೆ. ಅವರು ನನ್ನ ಮುಖವನ್ನು ಎಡದಿಂದಲೂ ಬಲದಿಂದಲೂ ಪರಿಶೀಲಿಸಿದರು.

"ಮುಖದ ಕಳೆ ಏನ್ರೀ? ಅದಕ್ಕೂ ಓದು ಐತೇನ್ರಿ?"

"ಅಲ್ಲರೀ, ಕಸ. ಕಸ ತೆಗೆಯೋದರ ಬಗ್ಗೆ ಹೇಳಿಕೊಡ್ತೀನಿ."

"ಹಂಗನ್ರಿ ಮತ್ತ. ಮೊನ್ನೆ ಗಾಡಿ ತಗಂಡು ನಮ್ಮ ಓಣಿಗೆ ಬಂದವ್ರು ನೀವೇ ಏನ್ರಿ?"

ನಾನು ನಕ್ಕುಬಿಟ್ಟೆ. ಆದರೆ ಆ ಸಂಜೆ ದಿನಚರಿಯಲ್ಲಿ ಬರೆದುಕೊಂಡೆ: ಶಿಕಾರಿಪುರದ ಬಯಲಿನಲ್ಲಿ ಹೊಲದ ಕಳೆಗೆ ಕಸ ಎಂದೇ ಹೆಸರು, ಸೊರಬದ ಕಡೆಗೆ ಹೋದರೆ ಅದೇ ಮತ್ತೆ ಕಳೆಯಾಗುತ್ತದೆ. ಈ ಎರಡು ತಾಲ್ಲೂಕುಗಳ ನಡುವಿನ ರಸ್ತೆಯಲ್ಲಿ ನನ್ನ ವೃತ್ತಿಜೀವನದ ಬಹುಪಾಲು ಕಳೆದಿದೆ. ಒಂದು ತಾಲ್ಲೂಕಿನ ಮಾತನ್ನು ಇನ್ನೊಂದಕ್ಕೆ ಹಾಗೇ ಒಯ್ಯಬಾರದು ಎಂಬುದನ್ನು ಮೊದಲ ವಾರದಲ್ಲೇ ಬರೆದುಕೊಂಡಿದ್ದರೂ, ನಿಜವಾಗಿ ಕಲಿಯುವುದಕ್ಕೆ ನನಗೆ ಹಲವು ವರ್ಷಗಳೂ ಒಬ್ಬರ ಗದ್ದೆಯ ಒಂದು ಮೂಲೆಯೂ ಬೇಕಾದವು. ಆ ಗದ್ದೆಯ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ ಶಾಲೆಯಲ್ಲಿ ಮೇಷ್ಟರುಗಳು ನಮಗೆ ಒಂದು ಅಭ್ಯಾಸ ಮಾಡಿಸಿದ್ದರು. ತಪ್ಪು ಕಂಡರೆ ಸುತ್ತಿಬಳಸದೆ ತಪ್ಪು ಎನ್ನಬೇಕು, ಆ ಮಾತಿಗೆ ನಮ್ಮ ಸಹಿ ಇರಬೇಕು. ಆ ಅಭ್ಯಾಸದಿಂದ ನನಗೆ ಮಿತ್ರರು ಕಡಿಮೆಯಾಗಿರಬಹುದು, ನಿದ್ದೆ ಮಾತ್ರ ಕಡಿಮೆಯಾಗಲಿಲ್ಲ. ಆದ್ದರಿಂದ ಗದ್ದೆಗೆ ಇಳಿಯುವ ಮೊದಲು ಕೆಲವು ತಪ್ಪುಗಳನ್ನು ಹೇಳಿಬಿಡುತ್ತೇನೆ.

ಕಳೆ ತೆಗೆಯುವವರು ಹೆಣ್ಣುಮಕ್ಕಳು. ನಾನು ಕಂಡ ನೂರಾರು ಹೊಲಗದ್ದೆಗಳಲ್ಲಿ ಬಗ್ಗಿದ ಬೆನ್ನುಗಳು ಅವರವೇ. ಆದರೆ ಕಳೆ ನಿರ್ವಹಣೆಯ ತರಬೇತಿಗೆ ನಾವು ಕರೆಯುತ್ತಿದ್ದುದು ಗಂಡಸರನ್ನು, ಏಕೆಂದರೆ ನಮ್ಮ ಅರ್ಜಿಯಲ್ಲಿ ಪಹಣಿಯಲ್ಲಿರುವ ಹೆಸರನ್ನು ಕೇಳುತ್ತಿದ್ದೆವು, ಮತ್ತು ಪಹಣಿಯಲ್ಲಿ ಹೆಣ್ಣಿನ ಹೆಸರು ಅಪರೂಪ. ಗರಿಕೆಯನ್ನೂ ಜೇಕನ್ನೂ ಕೈಬೆರಳಿನಿಂದಲೇ ಗುರುತಿಸಬಲ್ಲವರು ಸಭಾಂಗಣದ ಹೊರಗೆ ಊಟಕ್ಕೆ ತರಕಾರಿ ಹೆಚ್ಚುತ್ತಿದ್ದರು. ಒಳಗೆ ಕುರ್ಚಿಯ ಮೇಲೆ ಕುಳಿತವರು ನನ್ನ ಚಿತ್ರಪಟಗಳನ್ನು ನೋಡಿ ಆಕಳಿಸುತ್ತಿದ್ದರು. ಇದು ಅನ್ಯಾಯ. ಇನ್ನೊಂದು: ಕಳೆನಾಶಕ ವಿಷ. ಅದನ್ನು ಅಂಗಡಿಯವರು ಔಷಧಿ ಎನ್ನುತ್ತಾರೆ, ರೈತರು ಎಣ್ಣೆ ಎನ್ನುತ್ತಾರೆ, ನಮ್ಮ ಇಲಾಖೆಗಳ ಕಾಗದಗಳು ಸಸ್ಯ ಸಂರಕ್ಷಣಾ ಪರಿಕರ ಎನ್ನುತ್ತವೆ. ವಿಷವನ್ನು ವಿಷ ಎನ್ನದ ಮೂರು ಭಾಷೆಗಳ ನಡುವೆ ಬರಿಗೈಯಲ್ಲಿ ಅದನ್ನು ಕಲಕುವ ಕೂಲಿಕಾರರ ಉಗುರುಗಳು ಹಳದಿಯಾಗುತ್ತವೆ. ಇದೂ ಅನ್ಯಾಯ. ಮತ್ತು ಶಿರಾಳಕೊಪ್ಪದ ಸಂತೆಯಲ್ಲಿ ಕಟ್ಟು ಕಟ್ಟಾಗಿ ಮಾರುವ ಹೊನಗೊನ್ನೆ ಸೊಪ್ಪನ್ನು ನನ್ನ ಪಾಠದಲ್ಲಿ ವರ್ಷಗಟ್ಟಲೆ ನಿರುಪಯುಕ್ತ ಕಳೆಗಳ ಪಟ್ಟಿಗೆ ಸೇರಿಸಿ, ಸಂಜೆ ಅದೇ ಸಂತೆಯಿಂದ ಅದೇ ಸೊಪ್ಪನ್ನು ಕೊಂಡು ಪಲ್ಯ ಮಾಡಿಕೊಂಡು ಉಣ್ಣುತ್ತಿದ್ದವಳು ನಾನು. ಇದನ್ನು ಅನ್ಯಾಯ ಎನ್ನಲಾರೆ, ಪೆದ್ದುತನ ಎನ್ನಬಹುದು.

ಇಷ್ಟೆಲ್ಲ ಇದ್ದರೂ ನನ್ನ ಕೆಲಸ ನನಗೆ ಇಷ್ಟ. ಮುಂಗಾರು ಬಿದ್ದ ಮರುವಾರ ಬದುವಿನ ಮೇಲೆ ನಡೆಯುತ್ತಾ, ಎರಡೆಲೆ ಒಡೆದ ಸಸಿಗಳನ್ನು ನೋಡಿ ಇದು ಇಂಥದ್ದು, ಅದು ಅಂಥದ್ದು ಎಂದು ಹೇಳಬಲ್ಲ ಸಂತೋಷಕ್ಕೆ ಸಮನಾದದ್ದನ್ನು ನಾನು ಹೆಚ್ಚು ಕಂಡಿಲ್ಲ.

ಆ ಸಂತೋಷಕ್ಕೆ ಪೆಟ್ಟು ಬಿದ್ದದ್ದು ಸೊರಬ ತಾಲ್ಲೂಕಿನ ಒಂದು ತರಬೇತಿಯಲ್ಲಿ. ಹೆಸರು ನೋಂದಾಯಿಸುವ ಮೇಜಿನ ಬಳಿ ಒಬ್ಬ ಮಹಿಳೆ ನಿಂತು ವಾದಿಸುತ್ತಿದ್ದರು. ಆಹ್ವಾನಪತ್ರ ಅವರ ಮೈದುನನ ಹೆಸರಿನಲ್ಲಿತ್ತು.

"ಕರೆದಿದ್ದು ಅವನನ್ನ, ಹೌದು. ಅವನು ಶಿಕಾರಿಪುರದಲ್ಲಿ ಶಾಲೆ ಮೇಷ್ಟ್ರು. ಗದ್ದೆ ಮಾಡೋದು ನಾನು. ನಿಮಗೆ ಕಳೆ ಬಗ್ಗೆ ಹೇಳ್ಬೇಕಾ, ಪಹಣಿ ಬಗ್ಗೆ ಹೇಳ್ಬೇಕಾ?"

ನಾನು ಅವರನ್ನು ಒಳಗೆ ಕರೆದೆ. ಅವರು ಹಿಂದಿನ ಸಾಲಿನಲ್ಲಿ ಕುಳಿತು ನನ್ನ ಉಪನ್ಯಾಸವನ್ನು ಪೂರ್ತಿ ಕೇಳಿದರು. ಮುಗಿದ ಮೇಲೆ ಚೀಲದಿಂದ ಬೇರುಸಹಿತ ಎರಡು ಪೈರುಗಳನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು.

"ಇದರಲ್ಲಿ ಭತ್ತ ಯಾವುದು ಹೇಳ್ರಿ ಮೇಡಂ."

ನಾನು ಎಲೆ ನೋಡಿದೆ, ಎಲೆಯ ಬುಡ ನೋಡಿದೆ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಕೊನೆಗೆ ಎಡಗಡೆಯದ್ದು ಎಂದೆ.

"ಅದು ಕಳ್ಳ. ಬೇಜಾರು ಮಾಡ್ಕಬೇಡ್ರಿ, ನಂಗೂ ಗೊತ್ತಾಗಲ್ಲ. ಹೋದ ವರ್ಷ ಇದ್ರ ತೆನೆ ಬಂದಿದ್ದ ಜಾಗ ನೆನಪಿಟ್ಕಂಡು ಕಿತ್ಕಂಡು ಬಂದೆ, ಅದಕ್ಕೆ ಹೇಳ್ದೆ."

ಅವರು ಕಳ್ಳ ಎಂದದ್ದನ್ನು ನಾವು ಕಾಡುಭತ್ತ ಎನ್ನುತ್ತೇವೆ. ಭತ್ತದ ನಡುವೆ ಭತ್ತದಂತೆಯೇ ಬೆಳೆದು, ತೆನೆ ಬಂದಾಗ ಮಾತ್ರ ಉದ್ದನೆಯ ಮೀಸೆ ತೋರಿಸಿ, ಕೊಯ್ಲಿಗೆ ಮೊದಲೇ ಕಾಳುಗಳನ್ನೆಲ್ಲ ನೆಲಕ್ಕೆ ಉದುರಿಸುವ ಕಳೆ ಅದು. ನೆಲಕ್ಕೆ ಬಿದ್ದ ಕಾಳು ಮುಂದಿನ ವರ್ಷಕ್ಕೆ ಅದರ ಬಿತ್ತನೆ. ಭತ್ತವನ್ನು ಉಳಿಸಿ ಇದನ್ನು ಮಾತ್ರ ಕೊಲ್ಲುವ ಸುಲಭದ ವಿಷ ನಮ್ಮ ಬಳಿ ಇರಲಿಲ್ಲ, ಏಕೆಂದರೆ ಎರಡೂ ಒಂದೇ ಕುಲದವು. ಸೊರಬದ ಕಡೆ ಕೂರಿಗೆಯಲ್ಲಿ ನೇರವಾಗಿ ಭತ್ತ ಬಿತ್ತುವ ರೂಢಿ. ಬೆಳೆಯೂ ಕಳೆಯೂ ಒಟ್ಟಿಗೆ ಮೊಳೆತು ಒಟ್ಟಿಗೆ ಬೆಳೆಯುತ್ತವೆ.

ಆಕೆಯ ಹೆಸರು ಬರೆಯುವುದಿಲ್ಲ. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಗಂಡ ತೀರಿಕೊಂಡ ಮೇಲೆ ಕೆರೆಯ ಕೆಳಗಿನ ಆ ಗದ್ದೆಯನ್ನು ಅಕ್ಕ ಒಬ್ಬರೇ ನಡೆಸುತ್ತಿದ್ದರು. ಖಾತೆಯಲ್ಲಿ ಮೈದುನನ ಹೆಸರು. ಗಂಡ ಬದುಕಿದ್ದಾಗ ವಿಭಾಗವಾಗಿರಲಿಲ್ಲ, ಸತ್ತ ಮೇಲೆ ವಿಧವೆಯ ಪಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಕಾನೂನು ಆಕೆಯ ಪರವಾಗಿದೆ ಎಂದು ನಾನು ಹೇಳಿದೆ. "ಕಾನೂನು ಸಾಗರ ಪೇಟೇಲಿ ವಕೀಲರ ಹತ್ರ ಇರ್ತದೆ, ಗದ್ದೆ ಇಲ್ಲಿದೆ" ಎಂದು ಅಕ್ಕ ನಕ್ಕರು. ಮೈದುನ ಕೆಟ್ಟವರಲ್ಲ. ಅವರು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಅಕ್ಕ ಆ ಮನೆಗೆ ಸೊಸೆಯಾಗಿ ಬಂದವರು; ಅವರ ಬುತ್ತಿ ಕಟ್ಟಿದವರು. ಮೈದುನ ಹೇಳಿದ್ದು ಇಷ್ಟೇ: ಮೂರು ವರ್ಷದಿಂದ ಗದ್ದೆಯಲ್ಲಿ ಭತ್ತಕ್ಕಿಂತ ಕಾಡುಭತ್ತವೇ ಹೆಚ್ಚು. ಮುಂದಿನ ಬೆಳೆಯಲ್ಲೂ ಶುದ್ಧವಾಗದಿದ್ದರೆ ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಡೋಣ.

"ಶುಂಠಿಗೆ ಕೊಟ್ರೆ ಬದು ಒಡೀತಾರೆ, ಆಳಕ್ಕೆ ಕಾಲುವೆ ತೋಡ್ತಾರೆ. ಅವರು ಬಿಟ್ಟು ಹೋದ್ಮೇಲೆ ಅದು ಜಾಗ ಆಗಿರ್ತದೆ, ಗದ್ದೆ ಆಗಿರಲ್ಲ. ಬೆಳಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ ಮೇಡಂ?" ಎಂದರು ಅಕ್ಕ.

ಗದ್ದೆ ಗದ್ದೆಯಾಗಿಯೇ ಉಳಿಯುವುದಕ್ಕೆ ಒಂದು ಮಳೆಗಾಲದ ಗಡುವು. ಆ ಗಡುವನ್ನು ನಾನು ನನ್ನದೆಂದೇ ತಿಳಿದುಕೊಂಡೆ.

ಉಪಾಯ ಮಾತ್ರ ನನ್ನದಲ್ಲ. ಮೊದಲ ಮಳೆಗೆ ಕಳೆ ಮೊಳೆಯಲು ಬಿಟ್ಟು, ಉತ್ತು, ಆಮೇಲೆ ಬಿತ್ತುವ ಹುಸಿ ಬಿತ್ತನೆಯ ಬಗ್ಗೆ ನಾನು ಹೇಳಿದೆ. ಅಕ್ಕ ತಲೆಯಾಡಿಸಿ, "ಅದೂ ಮಾಡೋಣ. ಅದ್ರ ಜೊತೆಗೆ ಕರಿ ಭತ್ತ ಬಿತ್ತಿದ್ರೆ?" ಎಂದರು. ಆನವಟ್ಟಿ ಕಡೆಯ ಅವರ ತವರಿನಲ್ಲಿ ಗರಿ ಕಪ್ಪಾಗಿರುವ ಒಂದು ಭತ್ತವಿತ್ತು. ಅಕ್ಕಿ ಬಿಳಿಯದೇ, ಎಲೆ ಮಾತ್ರ ನೇರಳೆಗಪ್ಪು. ಗದ್ದೆಗೆ ಕಾಡುಭತ್ತ ಹೊಕ್ಕಿತೆಂದರೆ ಅವರ ಅಜ್ಜಿ ಒಂದು ವರ್ಷ ಅದನ್ನು ಬಿತ್ತಿಸುತ್ತಿದ್ದರಂತೆ. ಆಗ ಬೆಳೆ ಕಪ್ಪು, ಕಳ್ಳ ಹಸಿರು. ಕಣ್ಣಿದ್ದವರು ಯಾರು ಬೇಕಾದರೂ ಕೀಳಬಹುದು.

ಇಂಥ ತಳಿಗಳ ಬಗ್ಗೆ ನಾನು ಓದಿದ್ದೆ. ಓದಿಯೂ ಒಮ್ಮೆಯೂ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಅದರಲ್ಲಿ ಮಾರುವಂಥದ್ದು ಏನೂ ಇರಲಿಲ್ಲ, ಆದ್ದರಿಂದ ನಮ್ಮ ಶಿಫಾರಸುಗಳ ಪುಸ್ತಕದಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಹೆಣ್ಣುಮಕ್ಕಳ ನೆನಪಿನಲ್ಲಿರುವುದನ್ನು ಜ್ಞಾನವೆಂದು ಎಣಿಸದ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಅಕ್ಕ ತವರಿನಿಂದ ಬೀಜ ತಂದರು. ನಾನು ಅದನ್ನು ವಿಶ್ವವಿದ್ಯಾಲಯದ ಪ್ರಾತ್ಯಕ್ಷಿಕೆಯಾಗಿ ಮಂಜೂರು ಮಾಡಿಸಿದೆ. ಫಲಾನುಭವಿಯ ಹೆಸರಿನ ಮುಂದೆ ನಿಯಮದಂತೆ ಮೈದುನನ ಹೆಸರು ಬಂತು. ಅದರ ಕೆಳಗೆ ಸಹಿ ಮಾಡಿದ್ದು ನಾನೇ.

ಬಿತ್ತನೆ ಚೆನ್ನಾಗಿ ಆಯಿತು. ಮೂರು ವಾರಕ್ಕೆ ಗದ್ದೆಯ ಮೇಲ್ಭಾಗವೆಲ್ಲ ಕಾಡಿಗೆ ಬಳಿದಂತೆ ಕಂಡಿತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ, "ಎಂತದ್ರೀ ಇದು, ಗದ್ದೆಗೆ ದೃಷ್ಟಿ ಬೊಟ್ಟು ಇಟ್ಟೀರೇನು?" ಎಂದು ಅಕ್ಕನನ್ನು ಕಿಚಾಯಿಸಿದರು. ನೀರು ನಿಲ್ಲುವ ಕೆಳಮೂಲೆಯಲ್ಲಿ ಮಾತ್ರ ಚಿತ್ರ ಬೇರೆಯಾಗಿತ್ತು. ಹಿಂದಿನ ವರ್ಷಗಳಲ್ಲಿ ಉದುರಿದ ಕಾಳೆಲ್ಲ ಹರಿದು ಬಂದು ಸೇರಿದ್ದ ಜಾಗ ಅದು. ಅಲ್ಲಿ ಹಸಿರೇ ಹಸಿರು. ನಡುನಡುವಿನ ಕಪ್ಪು ಅದರ ಅರ್ಧದಷ್ಟೂ ಇರಲಿಲ್ಲ.

ಕಳೆ ಕೀಳುವ ಸಮಯ ಬಂತು. ನಾನು ಒಂದು ಕರಪತ್ರ ಬರೆದಿದ್ದೆ. ಅದರ ಮುಖ್ಯ ಸಾಲು ಹೀಗಿತ್ತು: "ಮುಖ್ಯ ಬೆಳೆಗಿಂತ ಭಿನ್ನ ವರ್ಣದ ಸಸ್ಯಗಳನ್ನು ಬೇರುಸಹಿತ ನಿರ್ಮೂಲನಗೊಳಿಸತಕ್ಕದ್ದು." ಆ ಸಾಲಿನ ಬಗ್ಗೆ ನನಗೆ ಆಗ ಒಂದು ಬಗೆಯ ಹೆಮ್ಮೆಯಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಅಕ್ಕನ ಊರಿನ ಹೆಣ್ಣುಮಕ್ಕಳೆಲ್ಲ ತಮ್ಮ ತಮ್ಮ ಗದ್ದೆಗಳಲ್ಲಿ ಇದ್ದುದರಿಂದ, ಬಳ್ಳಿಗಾವಿ ಕಡೆಯ ದಲಿತರ ಕೇರಿಯ ಒಂದು ಗುಂಪನ್ನು ನಾನು ಗೊತ್ತುಮಾಡಿದೆ. ಗೋವಿನಜೋಳದ ಹೊಲಗಳಲ್ಲಿ ನನ್ನೊಂದಿಗೆ ಹಲವು ವರ್ಷ ಕೆಲಸ ಮಾಡಿದವರು ಅವರು. ಗುಂಪಿನ ಮುಂದಾಳು ನನಗಿಂತ ನಾಲ್ಕಾರು ವರ್ಷ ಹಿರಿಯಳು, ಮಾತಿನಲ್ಲಿ ಬಹಳ ಚುರುಕು. ಕೀಳುವ ದಿನ ಬೆಳಗ್ಗೆ ನನಗೆ ಶಿಕಾರಿಪುರದಲ್ಲಿ ಸಭೆಯಿತ್ತು. ಅವರು ಗೂಡ್ಸ್ ಆಟೋ ಹತ್ತಿ ಹೊರಟಿದ್ದಾಗ ಮುಂದಾಳಿಗೆ ಫೋನ್ ಮಾಡಿ ಕರಪತ್ರವನ್ನು ಓದಿ ಹೇಳಿದೆ.

"ಮೇಡಮ್ಮಾರ, ಅದನ್ನ ಸ್ವಲ್ಪ ಕನ್ನಡದಾಗ ಹೇಳ್ರಿ."

"ಬೆಳೆ ಒಂದು ಬಣ್ಣ ಇರುತ್ತೆ. ಅದು ಬಿಟ್ಟು ಬೇರೆ ಬಣ್ಣ ಇರೋದನ್ನ ಕೀಳಿ. ಅದೇ ಕಸ."

"ಅಷ್ಟೇನಾ? ಆತು ಬಿಡ್ರಿ."

ಅಷ್ಟೇ ಆಗಿರಲಿಲ್ಲ. ಅಕ್ಕ ಅವರಿಗೆ ಗದ್ದೆ ತೋರಿಸಿ, ಅಷ್ಟು ಜನರ ಊಟ ತಯಾರಿಸಲು ಮನೆಗೆ ಹೋಗಿದ್ದರು. ಮೇಡಂ ಎಲ್ಲ ಹೇಳಿರುತ್ತಾರೆ ಎಂದು ಅವರ ನಂಬಿಕೆ. ಗುಂಪು ಕೆಳಮೂಲೆಯಿಂದಲೇ ಕೆಲಸ ಶುರುಮಾಡಿತು. ಅಲ್ಲಿ ಹೆಚ್ಚು ಇದ್ದದ್ದು ಹಸಿರು. ಭತ್ತವೆಂದರೆ ಹಸಿರು ಎಂದು ಹುಟ್ಟಿದಾಗಿನಿಂದ ನೋಡಿದವರಿಗೆ, ಬೇರೆ ಬಣ್ಣದ್ದು ಯಾವುದು ಎಂಬ ಬಗ್ಗೆ ಸಂಶಯವೇ ಬರಲಿಲ್ಲ. ಮೇಲಿನ ಗದ್ದೆ ಕಪ್ಪಾಗಿದ್ದುದನ್ನು ಕಂಡು, ಅದಕ್ಕೆ ಜಡ್ಡು ತಗುಲಿದೆ ಎಂದುಕೊಂಡರಂತೆ.

ಮಧ್ಯಾಹ್ನ ನಾನು ಹೋಗಿ ಇಳಿದಾಗ ಅಕ್ಕನೂ ತಲೆಯ ಮೇಲೆ ಊಟದ ಬುಟ್ಟಿ ಹೊತ್ತು ಬದುವಿನ ಮೇಲೆ ಬರುತ್ತಿದ್ದರು. ಇಬ್ಬರೂ ಒಂದೇ ಸಲ ಕಂಡೆವು: ಬದುವಿನ ಉದ್ದಕ್ಕೂ ದನಗಳಿಗೆಂದು ಬೇರು ತೊಳೆದು, ಸಾಲಾಗಿ ಪೇರಿಸಿದ ಕಪ್ಪು ಪೈರಿನ ಕಟ್ಟುಗಳು. ಮೂಲೆಯಲ್ಲಿ ಅಚ್ಚಹಸಿರಾಗಿ, ಒಂದೇ ಒಂದು ಕಪ್ಪು ಗರಿಯಿಲ್ಲದೆ, ಕಾಡುಭತ್ತ ಗಾಳಿಗೆ ತೂಗುತ್ತಿತ್ತು.

ಅಕ್ಕ ಬುಟ್ಟಿ ಇಳಿಸಿ ಬದುವಿನ ಮೇಲೆ ಕುಳಿತುಬಿಟ್ಟರು. ಕೂಗಲಿಲ್ಲ.

"ಇದೆಂತ ಮಾಡಿದ್ರಿ ಮಾರಾಯ್ತೀರಾ? ಬೆಳೆ ಕಿತ್ತು ಕಳ್ಳನ್ನ ಸಾಕಿದ್ರಲ್ಲ."

ಮುಂದಾಳು ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತಳು. "ಯಾಕ್ರೀ, ಕರ್ರಗ ಸೊರಗಿದ್ದನ್ನ ಕಿತ್ತೀವಿ. ಮೇಡಮ್ಮಾರ ಹೇಳ್ಯಾರಲ್ಲ, ಗೋವಿನಜೋಳದಾಗ ಎಲಿ ನೇರಳೆ ಆದ್ರ ಅದಕ್ಕ ಜಡ್ಡು ಬಂದೈತಿ ಅಂತ. ಹೌದಿಲ್ರೀ ಮೇಡಮ್ಮಾರ? ಬೇರೆ ಬಣ್ಣದ್ದು ಕೀಳ್ರಿ ಅಂತ ಮುಂಜಾನೆ ಫೋನಿನ್ಯಾಗ ಹೇಳಿದವ್ರು ಯಾರ್ರಿ?"

"ನಾನೇ" ಎಂದೆ. "ತಪ್ಪು ನನ್ನದು. ಅವರದ್ದಲ್ಲ."

ಹೇಳಬೇಕಾದ ಇನ್ನಷ್ಟು ಮಾತುಗಳಿದ್ದವು, ನಾನು ಆಮೇಲೆ ಹಲವು ಸಲ ಹೇಳಿಯೂ ಇದ್ದೇನೆ. ಕಳೆ ಎಂದರೆ ಜಾಗ ತಪ್ಪಿ ಬೆಳೆದ ಗಿಡ ಎಂದು ನಾನು ತರಗತಿಯಲ್ಲಿ ಹೇಳಿಕೊಡುತ್ತಿದ್ದೆ. ಕರಪತ್ರದಲ್ಲಿ ಮಾತ್ರ ಹೆಚ್ಚು ಇರುವುದು ಬೆಳೆ, ಕಡಿಮೆ ಇರುವುದು ಕಳೆ ಎಂಬ ಅರ್ಥ ಬರುವಂತೆ ಬರೆದಿದ್ದೆ. ಎಣಿಕೆಯಲ್ಲಿ ಕಡಿಮೆ, ಬಣ್ಣದಲ್ಲಿ ಬೇರೆ, ಆದ್ದರಿಂದ ಕಿತ್ತುಹಾಕಿ: ಮನುಷ್ಯರ ವಿಷಯದಲ್ಲಿ ಯಾರಾದರೂ ಇಂಥ ಮಾತಾಡಿದ್ದರೆ ನಾನು ಫಲಕ ಹಿಡಿದು ಬೀದಿಗೆ ಇಳಿಯುತ್ತಿದ್ದೆ. ಗದ್ದೆಯ ವಿಷಯದಲ್ಲಿ ಅದನ್ನೇ ನಾನು ಅಚ್ಚು ಹಾಕಿಸಿ ಹಂಚಿದ್ದೆ.

ಆಗ ಮುಂದಾಳು ಒಂದು ಕಟ್ಟನ್ನು ಎತ್ತಿ ತಿರುಗಿಸಿ ಬೇರುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಬೇರು ಹಸೀನೇ ಐತಿ. ಮಣ್ಣು ಮೆತ್ತಗಿತ್ತು, ಒಂದೂ ಹರದಿಲ್ಲ. ಯಾಕ್ರೀ ಅಕ್ಕಾರ, ನಾಟಿ ಮಾಡೋಣೇನು?"

"ಕೂರಿಗೆ ಗದ್ದೇಲಿ ನಾಟಿಯಾ?"

"ಗದ್ದಿಗೆ ಏನ್ ಗೊತ್ತಾಗ್ತತ್ರಿ ಕೂರಿಗಿದು, ನಾಟಿದು ಅಂತ. ನೀರೈತಿ, ಕೆಸರೈತಿ. ನಾವು ಅಂಬ್ಲಿಗೊಳ ಡ್ಯಾಮಿನ ನೀರಿನ ಗದ್ದ್ಯಾಗ ವರ್ಷಾ ನಾಟಿ ಮಾಡೋರು. ಈ ಹಸಿರು ಹಾಳಾದ್ದನ್ನ ಕಿತ್ತು ಒಗೀತೀವಿ, ತುಳಿದು ಕೆಸರು ಮಾಡ್ತೀವಿ, ಇದನ್ನ ಮತ್ತ ಊರ್ತೀವಿ. ಹೊತ್ತು ಮುಣುಗೋದ್ರಾಗ ಆಗ್ತೈತಿ. ಮೊದ್ಲ ಉಂಬಾಕ ಹಾಕ್ರಿ."

ಊಟವಾದ ಮೇಲೆ ಚಹಾ ಬಂತು. ಅಕ್ಕ ನನಗೆ ಸ್ಟೀಲ್ ಲೋಟದಲ್ಲಿ ಕೊಟ್ಟರು, ಗುಂಪಿಗೆ ಕಾಗದದ ಲೋಟಗಳಲ್ಲಿ. ಈ ಬದಲಾವಣೆಯನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೇನೆ. ಹಿಂದೆ ದಲಿತರ ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದ ಮನೆಗಳಲ್ಲಿ ಈಗ ಕಾಗದದ ಲೋಟ ಬಂದಿದೆ. ಬೇರೆ ಮಾಡುವುದು ಹಾಗೇ ಇದೆ, ಬೇರೆ ಮಾಡಿದ್ದು ಕಾಣದಂತಾಗಿದೆ. ನನಗೆ ಪ್ರಿಯರಾದವರು ಮಾಡಿದರೂ ಅದು ತಪ್ಪೇ. ನಾನು ಹೇಳಿದೆ.

"ತೊಳೆಯೋದು ತಪ್ತದೆ ಅಂತ ತಂದಿದ್ದು ಮೇಡಂ" ಎಂದರು ಅಕ್ಕ, ನನ್ನ ಮುಖ ನೋಡದೆ.

"ಹಾಗಾದರೆ ನನಗೂ ಅದರಲ್ಲೇ ಕೊಡಿ."

ಅಕ್ಕ ಚಹಾದ ಪಾತ್ರೆಯನ್ನು ಕೆಳಗಿಟ್ಟರು. ಕೊನೆಗೆ ಮುಂದಾಳು, "ಮೇಡಮ್ಮಾರ, ಜಗಳ ನಾಳೆ ಮಾಡಿದ್ರೂ ನಡೀತೈತಿ. ಪೈರು ನಾಳೆವರೆಗೆ ಇರಂಗಿಲ್ಲ. ಚಾ ಕುಡೀರಿ" ಎಂದಳು. ಯಾರ ಪರವಾಗಿ ಮಾತಾಡಿದೆನೋ ಅವರ ಚಹಾ ನನ್ನಿಂದ ಆರಿಹೋಯಿತು ಎಂಬುದನ್ನೂ ಇಲ್ಲಿ ಬರೆದಿಡಬೇಕು. ಆದರೂ ನಾನು ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಅಂದು ನಾನೂ ಗದ್ದೆಗೆ ಇಳಿದೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸಾಲಿನ ಕೊನೆಯಲ್ಲಿ ನಿಂತೆ. ಇಷ್ಟು ವರ್ಷ ನಾಟಿಯ ಅಂತರವನ್ನು ಬೋಧಿಸಿದ್ದ ನನಗೆ ಒಂದು ಪೈರನ್ನು ನೆಟ್ಟಗೆ ನಿಲ್ಲಿಸಲು ಬರಲಿಲ್ಲ. ನೆಟ್ಟದ್ದೆಲ್ಲ ತೇಲಿ ಮೇಲೆ ಬಂತು.

"ಮೇಡಮ್ಮಾರ, ಪೆನ್ನು ಹಿಡಿದಂಗ ಹಿಡೀಬ್ಯಾಡ್ರಿ. ಬೆರಳು ಮುಂದ ಹೋಗ್ಲಿ, ಬೇರು ಹಿಂದ ಬರ್ಲಿ."

"ಅವ್ರದ್ದು ನಾಟಿ ಅಲ್ಲ ಕಣೇ, ಸಹಿ" ಎಂದಳು ಇನ್ನೊಬ್ಬಳು. ಇಡೀ ಸಾಲು ನಕ್ಕಿತು. ಅಕ್ಕನೂ ನಕ್ಕರು. ನಾನು ಬೆರಳು ಮುಂದೆ ಮಾಡಿ ಇನ್ನೊಂದು ಪೈರು ಊರಿದೆ.

ಹೊತ್ತು ಮುಳುಗುವ ಮೊದಲು ಕೆಳಮೂಲೆ ಕಪ್ಪಾಯಿತು. ಕಿತ್ತ ಕಾಡುಭತ್ತವನ್ನು ದನಗಳಿಗೆ ಹಾಕಿದೆವು. ಮೇಲಿನ ಗದ್ದೆಯ ಹಸಿರನ್ನು ಮರುದಿನ ಅದೇ ಗುಂಪು ಬಂದು ಕಿತ್ತಿತು, ಈ ಸಲ ಸರಿಯಾಗಿ. ನಾಟಿಯಾದ ರಾತ್ರಿಯೇ ನಾನು ಕರಪತ್ರವನ್ನು ಹರಿದು ಹೊಸದನ್ನು ಬರೆದೆ. ಹೊಸದರಲ್ಲಿ ಇದ್ದದ್ದು ನಾಲ್ಕೇ ಮಾತು: ಹಸಿರು ಕೀಳಿ, ಕಪ್ಪು ಉಳಿಸಿ.

ನಾಟಿ ಮಾಡಿದ ಪೈರು ಒಂದು ವಾರ ಬಾಡಿದಂತೆಯೇ ಇತ್ತು. ಅಕ್ಕ ದಿನಕ್ಕೊಂದು ಫೋಟೋ ಕಳಿಸುತ್ತಿದ್ದರು, ಜೊತೆಗೆ ಒಂದು ಸಾಲು: "ಇವತ್ತೂ ಮಲಗಿದೆ." ಎಂಟನೆಯ ದಿನ ಫೋಟೋ ಬರಲಿಲ್ಲ, ಫೋನ್ ಬಂತು. "ಎದ್ದು ಕೂತಿದೆ ಮೇಡಂ."

ಮುಂದಿನ ಭಾನುವಾರ ಮೈದುನ ಊರಿಗೆ ಬಂದಾಗ ನಾನೂ ಅಲ್ಲಿದ್ದೆ. ಅವರು ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಗದ್ದೆಯೆಲ್ಲ ಕೂರಿಗೆಯ ಸಾಲು, ಒಂದು ಮೂಲೆ ಮಾತ್ರ ನಾಟಿ.

"ಇದೆಂತ ಅತ್ತಿಗೆ, ಈ ಮೂಲೆ ಬೇರೆ ಥರ?"

"ಅದು ಯೂನಿವರ್ಸಿಟಿ ಪ್ರಯೋಗ ತಮ್ಮಾ. ಮೇಡಮ್ಮೇ ಇಳಿದು ನೆಟ್ಟಿದ್ದು."

ನಾನು ನಿಜ ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಕಾಲಿನ ಮೇಲೆ ಮೆತ್ತಗೆ ಕಾಲಿಟ್ಟರು. ತಪ್ಪನ್ನು ತಪ್ಪು ಎನ್ನುವ ನನ್ನ ಅಭ್ಯಾಸಕ್ಕೆ ಅಂದು ಒಂದು ಕೊಯ್ಲಿನವರೆಗೆ ರಜೆ ಕೊಟ್ಟೆ.

ಕೊಯ್ಲಿನ ದಿನ ಅವರು ಮತ್ತೆ ಬಂದರು. ತೆನೆಗಳ ನಡುವೆ ನಡೆದು, ಅಲ್ಲಲ್ಲಿ ನಿಂತು, ಕಾಡುಭತ್ತದ ಮೀಸೆಗಾಗಿ ಹುಡುಕಿದರು. ಮೇಲಿನ ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಿತು. ಹಿಂದಿನ ವರ್ಷಗಳಲ್ಲಿ ತುಂಬಿ ಹೋಗಿದ್ದ ಕೆಳಮೂಲೆಯಲ್ಲಿ ಒಂದೂ ಸಿಗಲಿಲ್ಲ. ಅದಕ್ಕೆ ಕಾರಣ ಸರಳ: ಕೆಸರು ತುಳಿದು ನೀರು ನಿಲ್ಲಿಸಿದ ಮೇಲೆ ಅಲ್ಲಿ ಹೊಸ ಕಳೆ ಮೊಳೆಯಲಿಲ್ಲ. ನಮ್ಮ ತಪ್ಪು ಇಡೀ ಗದ್ದೆಯ ಅತ್ಯಂತ ಶುದ್ಧವಾದ ಜಾಗವನ್ನು ಮಾಡಿತ್ತು.

"ಈ ಪ್ರಯೋಗದ ಮೂಲೆ ಥರ ಇಡೀ ಗದ್ದೆ ಮಾಡೋಕೆ ಬರ್ತದಾ ಮೇಡಂ?" ಎಂದು ಅವರು ಕೇಳಿದರು. ಆಗ ನಾನು ಎಲ್ಲವನ್ನೂ ಹೇಳಿದೆ: ಫೋನು, ಕರಪತ್ರ, ಬದುವಿನ ಮೇಲೆ ಪೇರಿಸಿದ್ದ ಕಟ್ಟುಗಳು. ಅವರು ಮೊದಲು ನನ್ನನ್ನು, ಆಮೇಲೆ ಅಕ್ಕನನ್ನು ನೋಡಿದರು.

"ಅತ್ತಿಗೆ, ನೀವು ನನಗೇ ಸುಳ್ಳು ಹೇಳಿದ್ರಾ?"

"ಶುಂಠಿಯವರನ್ನ ಕರ್ಕಂಡು ಬರ್ತೀನಿ ಅಂದವನು ನೀನು. ಸತ್ಯ ಹೇಳೋಕೆ ನಂಗೇನು ಹುಚ್ಚಾ?"

ಅವರು ಜೋರಾಗಿ ನಕ್ಕರು. ಆಮೇಲೆ ಬದುವಿನ ಮೇಲೆ ಕುಳಿತು, ಶುಂಠಿಯವರಿಗೆ ಅಲ್ಲಿಂದಲೇ ಫೋನ್ ಮಾಡಿ, ಗದ್ದೆ ಕೊಡುವುದಿಲ್ಲ, ಈ ವರ್ಷ ಮಾತ್ರವಲ್ಲ, ಕೇಳುವುದೇ ಬೇಡ ಎಂದರು. ಅಕ್ಕ ಕುಡುಗೋಲು ಒರೆಸುತ್ತಾ ಏನೂ ಕೇಳಿಸದವರಂತೆ ಇದ್ದರು. ಆದರೆ ಒಂದೇ ಕಡೆಯನ್ನು ಬಹಳ ಹೊತ್ತು ಒರೆಸಿದರು.

ಅಂದು ಚಹಾ ಬಂತು. ಮೈದುನನಿಗೆ, ನನಗೆ, ಕೊಯ್ಯಲು ಬಂದಿದ್ದ ಅದೇ ಗುಂಪಿಗೆ, ಅಕ್ಕನಿಗೆ, ಎಲ್ಲರಿಗೂ ಕಾಗದದ ಲೋಟ. ಅಕ್ಕ ನನ್ನ ಕೈಗೆ ಕೊಡುವಾಗ, "ಈಗ ಸಮಾನ ಆಯ್ತಾ?" ಎಂದರು. ಎಲ್ಲರಿಗೂ ಸ್ಟೀಲ್ ಲೋಟ ಬರುವ ದಿನ ಇನ್ನೂ ದೂರವಿದೆ ಎಂದು ನನಗೆ ಗೊತ್ತಿತ್ತು. ಆದರೆ ಚಹಾ ಬಿಸಿಯಾಗಿತ್ತು, ಈ ಸಲ ಅದನ್ನು ಆರಲು ಬಿಡಲಿಲ್ಲ.

ಇನ್ನೂ ಆಗದಿರುವುದನ್ನು ಹೇಳಿಬಿಡುತ್ತೇನೆ. ಪಹಣಿಯಲ್ಲಿ ಅಕ್ಕನ ಹೆಸರು ಇನ್ನೂ ಬಂದಿಲ್ಲ. ಮೈದುನ ಅರ್ಜಿ ಕೊಟ್ಟಿದ್ದಾರೆ ಎಂದು ಕೇಳಿದ್ದೇನೆ, ಭೇಟಿಯಾದಾಗಲೆಲ್ಲ ನೆನಪಿಸುತ್ತೇನೆ, ಅವರು ನನ್ನನ್ನು ಕಂಡರೆ ಈಗ ದೂರದಿಂದಲೇ "ಕೊಟ್ಟಿದೀನಿ ಮೇಡಂ, ಕೊಟ್ಟಿದೀನಿ" ಎನ್ನುತ್ತಾರೆ. ನನ್ನ ಕೈಯಲ್ಲಿದ್ದದ್ದನ್ನು ನಾನು ಬದಲಿಸಿದೆ. ನಮ್ಮ ತರಬೇತಿಯ ಅರ್ಜಿಯಲ್ಲಿ ಈಗ ಪಹಣಿಯ ಹೆಸರು ಕೇಳುವುದಿಲ್ಲ. ಗದ್ದೆ ಮಾಡುವವರ ಹೆಸರು ಎಂದಷ್ಟೇ ಇದೆ. ಅದಾದ ಮೇಲೆ ಸಭಾಂಗಣದಲ್ಲಿ ಆಕಳಿಕೆ ಕಡಿಮೆಯಾಗಿದೆ, ಪ್ರಶ್ನೆಗಳು ಹೆಚ್ಚಾಗಿವೆ, ಮತ್ತು ಹೆಚ್ಚಿನವಕ್ಕೆ ನನ್ನಲ್ಲಿ ಉತ್ತರವಿಲ್ಲ. ಕರಿ ಭತ್ತದ ಬಗ್ಗೆ ಮಾತಾಡಲು ಅಕ್ಕನನ್ನೇ ಕರೆಸುತ್ತೇನೆ. ಅವರು ಮೇಜಿನ ಮೇಲೆ ಎರಡು ಪೈರು ಇಟ್ಟು, "ಇದರಲ್ಲಿ ಭತ್ತ ಯಾವುದು? ನಮ್ಮ ಮೇಡಮ್ಮಿಗೇ ಗೊತ್ತಾಗಲಿಲ್ಲ" ಎಂದು ಶುರುಮಾಡುತ್ತಾರೆ.

ಮರುವರ್ಷ ಆ ಗದ್ದೆಗೆ ಎಂದಿನ ಹಸಿರು ಭತ್ತವನ್ನೇ ಹಾಕಿದೆವು, ಇಡೀ ಗದ್ದೆ ನಾಟಿ. ಕರಿ ಭತ್ತವನ್ನು ವರ್ಷವರ್ಷವೂ ಬೆಳೆದರೆ ಕಾಡುಭತ್ತ ಅದರೊಂದಿಗೆ ಬೆರೆತು ತಾನೂ ಕಪ್ಪು ಬಣ್ಣ ಕಲಿತುಬಿಡುವ ಅಪಾಯವಿದೆ. ಅಕ್ಕ ಒಂದು ಚೀಲ ಕರಿ ಬೀಜವನ್ನು ಮುಂದೆ ಬೇಕಾದಾಗಕ್ಕೆಂದು ಒಣಗಿಸಿ ಎತ್ತಿಟ್ಟರು. ಆದರೂ ಕೊಯ್ಲಿನಲ್ಲಿ ಉದುರಿದ ಕಾಳು ಕೆಲವು ಮೊಳೆತವು. ನಾಟಿಯಾದ ಮೂರು ವಾರಕ್ಕೆ ಹಸಿರು ಗದ್ದೆಯ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಗರಿ.

ಕೀಳುವ ದಿನ ಬೆಳಗ್ಗೆ ಮುಂದಾಳಿನ ಫೋನ್ ಬಂತು.

"ಮೇಡಮ್ಮಾರ, ಗದ್ದಿ ಬದುವಿಗೆ ಬಂದು ನಿಂತೀವಿ. ಇನ್ನೂ ಕೈ ಹಚ್ಚಿಲ್ರಿ. ಈ ಸಲ ಕಸ ಯಾವುದು, ಮೊದ್ಲ ಹೇಳ್ರಿ."

"ಈ ಸಲ ಕಪ್ಪು."

ಅವಳು ಫೋನನ್ನು ಬಾಯಿಂದ ದೂರ ಹಿಡಿದು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಏ, ಹೋದ ವರ್ಷ ಮಾಡಿದ್ದೇ ಮಾಡ್ರಿ! ಈ ವರ್ಷ ಅದೇ ಸರಿ ಅಂತ!" ಇಡೀ ಗುಂಪಿನ ನಗುವಿನ ನಡುವೆ ಅಕ್ಕನ ನಗುವನ್ನು ನಾನು ಬೇರೆಯಾಗಿ ಗುರುತಿಸಿದೆ. ಆ ಸಲ ಅಕ್ಕ ಊಟದ ಬುಟ್ಟಿಯನ್ನು ಬೆಳಗ್ಗೆಯೇ ತುಂಬಿ ತಂದು, ಗದ್ದೆಯಲ್ಲೇ ನಿಂತಿದ್ದರು.